ದಿಂಬಂ ಘಾಟಿಯಲ್ಲಿ ಲಾರಿ ಉರುಳಿತು, ವಿಮೆ ಕೈಕೊಟ್ಟಿತು: ಮುಂದೇನು?

ದಿಂಬಂ: ಬಣ್ಣಾರಿಯಿಂದ ದಿಂಬಂಗೆ ಹತ್ತುವ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ತಾಳವಾಡಿಯ ಎಲೆಕೋಸು, ಅರಿಶಿನ ಸತ್ಯಮಂಗಲಕ್ಕೆ ಇಳಿಯುವುದು ಇದೇ ದಾರಿಯಲ್ಲಿ. ಲಾರಿ ಉರುಳಿದರೆ ಮಾಲೀಕರಿಗೆ ಮೊದಲು ನೆನಪಾಗುವುದು ವಿಮೆ. ಆದರೆ ಕಾದು ಕಾದು ಕೊನೆಗೆ 'ಕ್ಲೇಮು ತಿರಸ್ಕರಿಸಲಾಗಿದೆ' ಎಂಬ ಪತ್ರ ಬಂದರೆ? ಸಾಲದ ಕಂತಂತೂ ನಿಲ್ಲುವುದಿಲ್ಲ.

ಆ ಪತ್ರವೇ ಕೊನೆಯ ಮಾತಲ್ಲ. ಪಾಲಿಸಿದಾರರ ಪರ ವಾದಿಸುವ ವಕೀಲರ ಕೆಲಸ ಶುರುವಾಗುವುದೇ ಅಲ್ಲಿಂದ.

ವಕೀಲರು ನೋಡುವುದೇನು?

ಮೊದಲು ಪಾಲಿಸಿಯ ಷರತ್ತುಗಳನ್ನು ಓದುತ್ತಾರೆ. ಷರತ್ತಿಗೆ ಎರಡು ಅರ್ಥ ಬರುವಂತಿದ್ದರೆ ಪಾಲಿಸಿದಾರನಿಗೆ ಅನುಕೂಲವಾದ ಅರ್ಥವನ್ನೇ ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪುತ್ತವೆ, ಏಕೆಂದರೆ ಅದನ್ನು ಬರೆದದ್ದು ಕಂಪನಿ. ಸರ್ವೇಯರ್ ವರದಿಯೂ ಪ್ರಶ್ನಾತೀತವಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದೆ. ವಾಹನ ಕಳುವಾದಾಗ ಪೊಲೀಸರಿಗೆ ಕೂಡಲೇ ದೂರು ಕೊಟ್ಟಿದ್ದರೆ, ಕಂಪನಿಗೆ ತಡವಾಗಿ ತಿಳಿಸಿದ ಒಂದೇ ಕಾರಣಕ್ಕೆ ಕ್ಲೇಮು ತಳ್ಳುವಂತಿಲ್ಲ ಎಂಬ ತೀರ್ಪು 2020ರಲ್ಲಿ ಬಂತು.

ವ್ಯಾಪಾರಿಗಳಿಗೂ ಹಕ್ಕಿದೆ

'ನೀವು ವ್ಯಾಪಾರಸ್ಥರು, ಗ್ರಾಹಕರಲ್ಲ' ಎಂಬುದು ಕಂಪನಿಗಳ ಹಳೆಯ ವಾದ. 2002ರಲ್ಲಿ ಗುಜರಾತಿನಲ್ಲಿ ಬೆಂಕಿಯಿಂದ ನಷ್ಟ ಅನುಭವಿಸಿದ ಹರ್ಸೋಲಿಯಾ ಮೋಟರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಈ ವಾದವನ್ನು ತಳ್ಳಿಹಾಕಿತು. ವಿಮೆ ನಷ್ಟ ತುಂಬಿಕೊಳ್ಳಲೇ ಹೊರತು ಲಾಭ ಮಾಡಲಲ್ಲ. ಆದ್ದರಿಂದ ವ್ಯಾಪಾರ ಸಂಸ್ಥೆಯೂ ಗ್ರಾಹಕ ಆಯೋಗಕ್ಕೆ ಹೋಗಬಹುದು. ಲಾರಿ ಮಾಲೀಕರಿಗೂ ಗೋದಾಮಿನವರಿಗೂ ಇದು ಬಲ ಕೊಡುವ ತೀರ್ಪು.

ಎಲ್ಲಿಗೆ ಹೋಗಬೇಕು?

ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ತಮಿಳುನಾಡಿನವರಿಗೆ ಚೆನ್ನೈ ಕಚೇರಿ, ಕರ್ನಾಟಕದವರಿಗೆ ಬೆಂಗಳೂರು. ಇಲ್ಲಿ ಶುಲ್ಕವಿಲ್ಲ, ವಕೀಲರಿಗೂ ಪ್ರವೇಶವಿಲ್ಲ. ಪರಿಹಾರದ ಮಿತಿ 50 ಲಕ್ಷ ರೂಪಾಯಿ. ಆದರೆ ದೊಡ್ಡ ಕಂಪನಿಗಳ ಪಾಲಿಸಿಗೆ ಇಲ್ಲಿ ಅವಕಾಶವಿಲ್ಲ. ವ್ಯಕ್ತಿಗಳು, ಒಬ್ಬರೇ ಮಾಲೀಕರಿರುವ ಅಂಗಡಿಗಳು ಮತ್ತು ಅತಿ ಸಣ್ಣ ಉದ್ಯಮಗಳಿಗೆ ಉಂಟು.

ಇನ್ನೊಂದು ದಾರಿ ಜಿಲ್ಲಾ ಗ್ರಾಹಕ ಆಯೋಗ. ಪಾಲಿಸಿಯನ್ನು ಚಾಮರಾಜನಗರದಲ್ಲಿ ಮಾಡಿಸಿದ್ದರೂ ತಾಳವಾಡಿಯಲ್ಲಿ ವಾಸವಿರುವವರು ಈರೋಡಿನಲ್ಲೇ ದೂರು ಹೂಡಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆ ವಾಸಸ್ಥಳದಲ್ಲಿಯೇ ದೂರು ಕೊಡಲು ಅವಕಾಶ ನೀಡಿದೆ. ಕಟ್ಟಿದ ಪ್ರೀಮಿಯಂ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಹೂಡಬೇಕು. ವಕೀಲರಿಲ್ಲದೆ ತಾವೇ ವಾದಿಸಲೂಬಹುದು.

ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ 15100.

ಅಪಘಾತವಾದ ದಿನವೇ ಮಾಡಬೇಕಾದ್ದು

ಕಂಪನಿಗೆ ತಿಳಿಸಿ, ಪೊಲೀಸರಿಗೆ ದೂರು ಕೊಡಿ, ಸರ್ವೇಯರ್ ಬರುವ ಮೊದಲು ವಾಹನ ರಿಪೇರಿ ಮಾಡಿಸಬೇಡಿ. ಫೋಟೊ, ಲೈಸೆನ್ಸ್, ಪರ್ಮಿಟ್, ಬಿಲ್ಲುಗಳನ್ನು ಜೋಪಾನವಾಗಿಡಿ. ಕಂಪನಿ ಕೊಟ್ಟ ಅಲ್ಪ ಮೊತ್ತಕ್ಕೆ 'ಪೂರ್ತಿ ಪರಿಹಾರ ಸಂದಿದೆ' ಎಂಬ ವೋಚರಿಗೆ ಓದದೆ ಸಹಿ ಹಾಕಬೇಡಿ. ಆಮೇಲೆ ಎಷ್ಟು ಒಳ್ಳೆಯ ವಕೀಲರಿದ್ದರೂ ಆ ಸಹಿಯನ್ನು ದಾಟುವುದು ಕಷ್ಟ.