ದಿನಾಂಕ ಬದಲಾದಾಗ ಕನ್ನಡ ಪುಟದ ಗತಿ

ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನಾಂಕ ಜಾಲತಾಣದ ಮೂಲ ಪುಟದಲ್ಲಿ ಒಂದು ವಾರ ಮುಂಚಿತವಾಗಿ, ಕನ್ನಡ ಪುಟದಲ್ಲಿ ಹಳೆಯದೇ ಉಳಿದರೆ, ಕನ್ನಡವನ್ನು ನಂಬಿದ ಮನೆಯವರೇ ಅವಕಾಶ ಕಳೆದುಕೊಳ್ಳುತ್ತಾರೆ. ಅನುವಾದವೇ ಇಲ್ಲದ ಪುಟಕ್ಕಿಂತ ಹಳತಾದ ಅನುವಾದವೇ ಹೆಚ್ಚು ಅಪಾಯಕರ. ಗಡಿನಾಡಿನ ಪೋಷಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶಕ್ಕೆ ಜೋಡಿಸಲಾಗುವ ಅನುವಾದ ಸಲಕರಣೆಯೊಂದು ಈ ತೊಡಕನ್ನು ಚೆನ್ನಾಗಿ ಅರಿತಿದೆ. ಅದು ಪುಟವನ್ನು ಇಡಿಯಾಗಿ ಅನುವಾದಕರಿಗೆ ಒಪ್ಪಿಸುವುದಿಲ್ಲ. ಹೆಚ್ಚಾಗಿ ಒಂದೊಂದು ಪರಿಚ್ಛೇದದಷ್ಟು ಚಿಕ್ಕ ಘಟಕಗಳನ್ನಾಗಿ ವಿಂಗಡಿಸುತ್ತದೆ. ಮೂಲದ ಮಾತು ಬದಲಾಗಿ, ನಿರ್ವಾಹಕರು ಅದನ್ನು ಮರಳಿ ಅನುವಾದಕ್ಕೆ ಗುರುತಿಸಿದಾಗ, ಆ ಘಟಕದ ಅನುವಾದಗಳು ಎಲ್ಲ ಭಾಷೆಗಳಲ್ಲಿಯೂ ಹಳತೆಂದು ದಾಖಲಾಗುತ್ತವೆ. ಓದುಗರಿಗೆ ಅಷ್ಟು ಭಾಗ ನಸುಗೆಂಪು ಹಿನ್ನೆಲೆಯಲ್ಲಿ ಕಾಣುತ್ತದೆ. ಅನುವಾದಕರು ಅದೊಂದನ್ನೇ ತಿದ್ದಿದರೆ ಸಾಕು. ಮೂಲದಲ್ಲಿ ಬರಿಯ ಕಾಗುಣಿತ ತಿದ್ದಿದ್ದಾದರೆ ಯಾರನ್ನೂ ಎಬ್ಬಿಸದೆ ಬಿಡುವ ಅನುಕೂಲವೂ ಉಂಟು.

ಆದರೆ ಬಣ್ಣ ಎಚ್ಚರಿಸಬಲ್ಲದು, ಅನುವಾದಿಸಲಾರದು. ಕನ್ನಡಕ್ಕೆ ಒಬ್ಬರೇ ಅನುವಾದಕರಿದ್ದು, ಅವರು ರಜೆಯಲ್ಲಿದ್ದರೆ? ಇದಕ್ಕೂ ಅಲ್ಲೊಂದು ಉಪಾಯವಿದೆ. ದಿನಾಂಕ, ಮೊತ್ತ ಮೊದಲಾದ ಅಂಕಿಗಳನ್ನು ವಾಕ್ಯದಿಂದ ಬೇರ್ಪಡಿಸಿ ಹೆಸರಿಟ್ಟ ಪೆಟ್ಟಿಗೆಯಲ್ಲಿ ಇರಿಸಬಹುದು. ಅನುವಾದದಲ್ಲಿ ಆ ಹೆಸರಷ್ಟೇ ಇರುತ್ತದೆ. ಮೂಲದಲ್ಲಿ ಅಂಕಿ ಬದಲಾಗಿ, ಪುಟವನ್ನು ಮರಳಿ ಅನುವಾದಕ್ಕೆ ಗುರುತಿಸಿದರೆ ಕನ್ನಡ ಪುಟಕ್ಕೂ ಹೊಸ ಅಂಕಿಯೇ ಬಂದು ಕೂರುತ್ತದೆ. ಅಂಕಿಗೆ ಅನುವಾದಕರು ಬೇಕಿಲ್ಲ.