ಕೊಲೆಗಾರನ ಪಕ್ಷದಲ್ಲಿ ನಾನು!

ಆಂಗ್ಲ ಲೇಖಕಿ ಡ್ಯಾಫ್ನಿ ಡು ಮಾರಿಯೇ ಅವರ ‘ರೆಬೆಕಾ’ 1938ರಲ್ಲಿ ಪ್ರಕಟವಾದ ಕಾದಂಬರಿ. ಭೂತಪ್ರೇತಗಳ ಸುಳಿವಿಲ್ಲದಿದ್ದರೂ ಓದುತ್ತಿದ್ದಂತೆ ಮೈ ಜುಮ್ಮೆನ್ನುತ್ತದೆ. ಮ್ಯಾಂಡರ್ಲೆ ಎಂಬ ಮಹಾಸೌಧಕ್ಕೆ ಎರಡನೆಯ ಹೆಂಡತಿಯಾಗಿ ಬಂದ ಬಡ ತರುಣಿಯೇ ಕಥೆ ಹೇಳುವವಳು. ಆಕೆಯ ಹೆಸರು ಕಡೆಯವರೆಗೂ ನಮಗೆ ತಿಳಿಯುವುದಿಲ್ಲ. ಸತ್ತ ಸವತಿಯ ಹೆಸರೋ, ಮನೆಯ ಮೂಲೆಮೂಲೆಯಲ್ಲಿಯೂ ಮಾರ್ದನಿಗೊಳ್ಳುತ್ತದೆ! ಮನೆಯ ಮೇಲ್ವಿಚಾರಕಿ ಡ್ಯಾನ್ವರ್ಸ್ ಮೃತಳ ಕೋಣೆಯನ್ನು ದೇವರಮನೆಯಂತೆ ಕಾಪಾಡುತ್ತ, ಹೊಸಬಳ ಧೈರ್ಯವನ್ನು ಮಾತುಮಾತಿನಲ್ಲಿಯೂ ಕುಗ್ಗಿಸುತ್ತಾಳೆ.

ನನ್ನ ಮನಸ್ಸನ್ನು ಕಲಕಿದುದು ಮುಂದಿನ ಭಾಗ. ರೆಬೆಕಾಳನ್ನು ಕೊಂದವನು ತಾನೇ ಎಂದು ಗಂಡ ಒಪ್ಪಿಕೊಂಡಾಗ ನಾಯಿಕೆಯ ಎದೆ ಹಗುರಾಗುತ್ತದೆ. ಆತ ರೆಬೆಕಾಳನ್ನು ಪ್ರೀತಿಸಿರಲಿಲ್ಲವೆಂಬುದೊಂದೇ ಆಕೆಗೆ ಸಾಕು! ಅಲ್ಲಿಂದ ಮುಂದೆ, ಅವನು ಸಿಕ್ಕಿಬೀಳದಿರಲೆಂದು ನಾನೂ ಹಾರೈಸುತ್ತಲೇ ಓದಿದೆ. ಪುಸ್ತಕ ಮುಚ್ಚಿದ ಮೇಲೆ ನಾಚಿಕೆಯಾಯಿತು. ರೆಬೆಕಾ ದುಷ್ಟೆಯೆಂದು ನಾನು ನಂಬಿದ್ದು ಬಹುಮಟ್ಟಿಗೆ ಯಾರ ಮಾತಿನ ಮೇಲೆ? ಕೊಂದವನ ಮಾತಿನ ಮೇಲೆ! ಆಕೆಯ ಪರವಾಗಿ ನುಡಿಯಲು ಆಕೆಯೇ ಇಲ್ಲ.

1940ರ ಹಿಚ್‌ಕಾಕ್ ಚಿತ್ರದಲ್ಲಿ ಈ ಕೊಲೆಯನ್ನು ಆಕಸ್ಮಿಕ ಮರಣವಾಗಿ ಮಾರ್ಪಡಿಸಿದರು. ಚಿತ್ರ ನೋಡಿದವರು ನಿಶ್ಚಿಂತೆಯಿಂದ ಮನೆಗೆ ಹಿಂದಿರುಗಬಹುದು. ಪುಸ್ತಕ ಓದಿದವರಿಗೆ ಆ ಅನುಕೂಲವಿಲ್ಲ.