ಜರ್ಮನಿಯ ದಾರಿಯಲ್ಲಿ ಒಂದು ರಾತ್ರಿ: ಯುರೋಪಿಗೆ ಹೊರಡುವ ಕೊಡಗಿನ ಯಾತ್ರಿಕರಿಗೆ ಕೆಲವು ಮಾತುಗಳು

ಕೊಡಗಿನಲ್ಲಿ ಇಂದಿಗೂ ರೈಲು ನಿಲ್ದಾಣವಿಲ್ಲ. ಮಡಿಕೇರಿ, ಸುಂಟಿಕೊಪ್ಪ, ಸೋಮವಾರಪೇಟೆಯ ಜನ ರೈಲು ಹತ್ತಬೇಕಾದರೆ ಮೈಸೂರಿಗೋ, ಹಾಸನಕ್ಕೋ, ಮಂಗಳೂರಿಗೋ ಹೋಗಬೇಕು. ವಿರಾಜಪೇಟೆಯವರು ಮಾಕುಟ್ಟ ಘಾಟಿ ಇಳಿದು ಕಣ್ಣೂರು ಇಲ್ಲವೇ ತಲಶ್ಶೇರಿ ಸೇರುತ್ತಾರೆ. ಹೀಗಾಗಿ ವೇಳಾಂಗಣ್ಣಿಗೆ ಹೊರಡುವ ನಮ್ಮ ಕುಟುಂಬಗಳಿಗೆ ಬಸ್ಸು ಎಷ್ಟು ಹೊತ್ತಿಗೆ, ರೈಲು ಎಷ್ಟು ಹೊತ್ತಿಗೆ, ನಡುವೆ ರಾತ್ರಿ ಎಲ್ಲಿ ಎಂಬ ಲೆಕ್ಕ ಹೊಸದೇನಲ್ಲ.

ಈಗ ಅದೇ ಲೆಕ್ಕ ಯುರೋಪಿನಲ್ಲಿಯೂ ಬೇಕಾಗಿದೆ. ರೋಮ್ ಮತ್ತು ಲೂರ್ದ್ ಯಾತ್ರೆಯನ್ನು ಟೂರ್ ಕಂಪನಿಯ ಬಸ್ಸಿಲ್ಲದೆ ತಾವೇ ರೈಲಿನಲ್ಲಿ ಮಾಡಲು ಬಯಸುವವರಿದ್ದಾರೆ. ಜರ್ಮನಿಯಲ್ಲಿ ಕೆಲಸದಲ್ಲಿರುವ ಮಕ್ಕಳನ್ನು ನೋಡಲು ಹೋಗಿ, ಅಲ್ಲಿಂದ ಪುಣ್ಯಕ್ಷೇತ್ರಗಳಿಗೆ ಹೋಗುವ ತಂದೆ ತಾಯಂದಿರೂ ಇದ್ದಾರೆ. ಇವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಅವರಿಗೆ ಹೇಳಬೇಕಾದ ಮುಖ್ಯ ಮಾತು ಒಂದೇ: ರಾತ್ರಿ ಎಲ್ಲಿ ತಂಗಬೇಕೆಂದು ನೀವು ಮೊದಲೇ ಆರಿಸಿಕೊಳ್ಳದಿದ್ದರೆ, ತಡವಾದ ರೈಲು ನಿಮಗಾಗಿ ಒಂದು ಊರನ್ನು ಆರಿಸುತ್ತದೆ. ಅದು ನಿಮಗೆ ಬೇಕಾದ ಊರಾಗಿರುವುದಿಲ್ಲ.

ಒಂದೇ ದಿನದಲ್ಲಿ ಏಕೆ ಬೇಡ?

ಜರ್ಮನಿಯ ರೈಲುಗಳು ಗಡಿಯಾರದಂತೆ ಓಡುತ್ತವೆ ಎಂಬ ನಂಬಿಕೆ ನಮ್ಮಲ್ಲಿದೆ. ವಾಸ್ತವ ಬೇರೆ. ಅಲ್ಲಿನ ರೈಲ್ವೆಯಾದ ಡಾಯ್ಚೆ ಬಾನ್ ಕೊಟ್ಟ ಲೆಕ್ಕದಂತೆಯೇ 2024ರಲ್ಲಿ ದೂರಪ್ರಯಾಣದ ರೈಲುಗಳಲ್ಲಿ ಸಮಯಕ್ಕೆ ಸರಿಯಾಗಿ ನಿಲ್ದಾಣ ತಲುಪಿದ್ದು ಶೇ. 62.5 ಮಾತ್ರ. ಆರು ನಿಮಿಷಕ್ಕಿಂತ ಕಡಿಮೆ ತಡವಾದ ರೈಲನ್ನೂ ಅವರು ಸಮಯಕ್ಕೆ ಬಂದದ್ದೆಂದೇ ಎಣಿಸುತ್ತಾರೆ. ಹಳೆಯ ಹಳಿಗಳ ದುರಸ್ತಿಗಾಗಿ ಮುಖ್ಯ ಮಾರ್ಗಗಳನ್ನೇ ತಿಂಗಳುಗಟ್ಟಲೆ ಮುಚ್ಚುವುದೂ ಉಂಟು.

ಒಂದೇ ದಿನದಲ್ಲಿ ಮೂರು ನಾಲ್ಕು ರೈಲು ಬದಲಿಸುವ ಯೋಜನೆಯಲ್ಲಿ ಮೊದಲ ರೈಲು ನಲವತ್ತು ನಿಮಿಷ ತಡವಾದರೆ ಉಳಿದದ್ದೆಲ್ಲ ಕೈತಪ್ಪುತ್ತದೆ. ನಡುವೆ ಒಂದು ರಾತ್ರಿ ತಂಗಿದರೆ ಆ ತಡವೆಲ್ಲ ಆ ರಾತ್ರಿಯಲ್ಲೇ ಕರಗುತ್ತದೆ. ಮರುದಿನದ ರೈಲಿಗೆ ಅದರಿಂದ ಬಾಧೆಯಿಲ್ಲ. ತಂಗುವ ರಾತ್ರಿಯನ್ನು ದಂಡದ ಖರ್ಚೆಂದು ನೋಡದೆ ಇಡೀ ಯಾತ್ರೆಗೆ ಕೊಡುವ ವಿಮೆಯೆಂದು ಭಾವಿಸುವುದು ಒಳ್ಳೆಯದು.

ಎಲ್ಲಿ ತಂಗಬೇಕು?

ಮುಂದಿನ ಊರಿಗೆ ದಿನವಿಡೀ ಹಲವು ರೈಲುಗಳಿರುವ ದೊಡ್ಡ ನಿಲ್ದಾಣವನ್ನೇ ಆರಿಸಿ. ವಸತಿಯು ನಿಲ್ದಾಣದಿಂದ ನಡೆದುಹೋಗುವಷ್ಟು ಹತ್ತಿರವಿರಲಿ. ಸಂಜೆ ಏಳೆಂಟು ಗಂಟೆಯೊಳಗೆ ತಲುಪುವಂತೆ ರೈಲನ್ನು ನೋಡಿಕೊಳ್ಳಿ. ರೋಮ್‌ನಿಂದ ಲೂರ್ದ್‌ಗೆ ಜರ್ಮನಿಯ ಮೂಲಕ ಹೋಗುವವರಿಗೆ ಎರಡು ಊರುಗಳು ಅನುಕೂಲ.

ಮೊದಲನೆಯದು ಮ್ಯೂನಿಕ್. ರೋಮ್‌ನಿಂದ ಬೊಲೋನ್ಯಕ್ಕೆ ವೇಗದ ರೈಲು, ಅಲ್ಲಿಂದ ಆಲ್ಪ್ಸ್ ಪರ್ವತದ ಬ್ರೆನ್ನರ್ ಕಣಿವೆಯ ಮೂಲಕ ಮ್ಯೂನಿಕ್‌ಗೆ ಸುಮಾರು ಏಳು ಗಂಟೆಯ ಪಯಣ. ಬೆಳಿಗ್ಗೆ ಹೊರಟರೆ ಸಂಜೆಗೆ ತಲುಪಬಹುದು. ಇಟಲಿಯವರು ಮ್ಯೂನಿಕ್ ನಗರವನ್ನು ‘ಮೊನಾಕೊ’ ಎನ್ನುತ್ತಾರೆ. ಫಲಕದಲ್ಲಿ ಆ ಹೆಸರು ಕಂಡರೆ ಗಾಬರಿ ಬೇಡ. ಇದು ಮೊನಾಕೊ ದೇಶಕ್ಕೆ ಹೋಗುವ ರೈಲಲ್ಲ. ಜರ್ಮನಿಯಲ್ಲಿ ಅದೇ ಊರು ‘ಮ್ಯುನ್ಶೆನ್’.

ಇಲ್ಲಿ ಎರಡು ರಾತ್ರಿ ತಂಗಲು ಸಾಧ್ಯವಾದರೆ ನಡುವಿನ ದಿನ ಆಲ್ಟೋಟಿಂಗ್‌ಗೆ ಹೋಗಿಬರಬಹುದು. ಕಪ್ಪು ವರ್ಣದ ಮರಿಯಮ್ಮನವರ ಸ್ವರೂಪವಿರುವ ಅಲ್ಲಿನ ಚಿಕ್ಕ ಪ್ರಾರ್ಥನಾಲಯವು ಬವೇರಿಯದ ಜನರಿಗೆ ನಮ್ಮ ವೇಳಾಂಗಣ್ಣಿ ಇದ್ದ ಹಾಗೆ. ಮ್ಯೂಲ್‌ಡೋರ್ಫ್‌ನಲ್ಲಿ ರೈಲು ಬದಲಿಸಿ ಸುಮಾರು ಒಂದೂವರೆ ಗಂಟೆಯಲ್ಲಿ ತಲುಪಬಹುದು. ಐದು ಜನರವರೆಗಿನ ಗುಂಪಿಗೆ ಒಂದೇ ‘ಬವೇರಿಯ ಟಿಕೆಟ್’ ಸಾಕು. ವಾರದ ದಿನಗಳಲ್ಲಿ ಅದು ಬೆಳಿಗ್ಗೆ 9ರ ನಂತರವಷ್ಟೇ ನಡೆಯುತ್ತದೆ. ಪರ್ಜಾಮ್‌ನ ಸಂತ ಕೊನ್ರಾಡ್‌ರವರು ಆಲ್ಟೋಟಿಂಗ್‌ನ ಕಪುಚಿನ್ ಮಠದಲ್ಲಿ 41 ವರ್ಷ ದ್ವಾರಪಾಲಕರಾಗಿ, ಬಂದ ಯಾತ್ರಿಕರಿಗೆಲ್ಲ ಬಾಗಿಲು ತೆರೆದವರು. 1934ರಲ್ಲಿ ಅವರಿಗೆ ಸಂತ ಪದವಿ ನೀಡಲಾಯಿತು. ಪೋಪ್ 16ನೇ ಬೆನೆಡಿಕ್ಟ್‌ರವರು 1927ರಲ್ಲಿ ಜನಿಸಿದ ಮಾರ್ಕ್‌ಟ್ಲ್ ಗ್ರಾಮವೂ ಸಮೀಪದಲ್ಲಿಯೇ ಇದೆ.

ಎರಡನೆಯದು ಕೊಲೋನ್. ಮ್ಯೂನಿಕ್‌ನಿಂದ ವೇಗದ ರೈಲಿನಲ್ಲಿ ನಾಲ್ಕೂವರೆ ಗಂಟೆ. ನಿಲ್ದಾಣದ ಬಾಗಿಲಿನಿಂದ ಹೊರಬಂದರೆ ಎದುರಿಗೇ ಮಹಾದೇವಾಲಯ. 1248ರಲ್ಲಿ ಆರಂಭವಾಗಿ 1880ರಲ್ಲಿ ಪೂರ್ಣಗೊಂಡ ಈ ದೇವಾಲಯದಲ್ಲಿ ಮೂವರು ಜ್ಞಾನಿಗಳ ಅವಶೇಷಗಳ ಪೆಟ್ಟಿಗೆಯಿದೆ. ಆ ಅವಶೇಷಗಳನ್ನು 1164ರಲ್ಲಿ ಮಿಲಾನ್‌ನಿಂದ ತರಲಾಯಿತು. ದೂರದಿಂದ ಪಯಣಿಸಿ ಬಂದ ಆ ಮೂವರ ಸನ್ನಿಧಿಯಲ್ಲಿ ಪ್ರಾರ್ಥಿಸಿ ಮಲಗುವುದು ಯಾತ್ರಿಕರಿಗೆ ತಕ್ಕದ್ದೇ. ಒಂದು ಎಚ್ಚರಿಕೆ: ಕೆಲವು ರೈಲುಗಳು ಮುಖ್ಯ ನಿಲ್ದಾಣಕ್ಕೆ ಬರದೆ ರೈನ್ ನದಿಯ ಆಚೆ ದಡದ ಡಾಯ್ಟ್ಸ್ ನಿಲ್ದಾಣದಲ್ಲಿ ನಿಲ್ಲುತ್ತವೆ. ಮುಖ್ಯ ನಿಲ್ದಾಣಕ್ಕೆ ಜರ್ಮನರು ‘ಹೌಪ್ಟ್‌ಬಾನ್‌ಹೋಫ್’ ಎನ್ನುತ್ತಾರೆ. ಟಿಕೆಟ್‌ನಲ್ಲಿ ಆ ಪದವಿದೆಯೇ ನೋಡಿಕೊಳ್ಳಿ.

ಕೊಲೋನ್‌ನಿಂದ ಪ್ಯಾರಿಸ್‌ಗೆ ಮೂರೂ ಕಾಲು ಗಂಟೆಗಿಂತ ತುಸು ಹೆಚ್ಚು. ರೈಲು ಪ್ಯಾರಿಸ್‌ನ ಉತ್ತರ ನಿಲ್ದಾಣಕ್ಕೆ ಬರುತ್ತದೆ. ಲೂರ್ದ್ ರೈಲು ಹೊರಡುವುದು ಮೊಂಪರ್ನಾಸ್ ನಿಲ್ದಾಣದಿಂದ. ನಡುವೆ ಕನಿಷ್ಠ ಎರಡು ಗಂಟೆ ಬಿಡಿ. ಹಿರಿಯರಿದ್ದರೆ ಇನ್ನೂ ಹೆಚ್ಚು.

ವೀಸಾದಲ್ಲಿ ರಾತ್ರಿಗಳ ಲೆಕ್ಕ

ಒಂದೇ ಷೆಂಗನ್ ವೀಸಾದಲ್ಲಿ ಇಟಲಿ, ಜರ್ಮನಿ, ಫ್ರಾನ್ಸ್ ಮೂರಕ್ಕೂ ಹೋಗಬಹುದು. ಆದರೆ ಅರ್ಜಿಯನ್ನು ಹೆಚ್ಚು ದಿನ ತಂಗುವ ದೇಶಕ್ಕೆ ಸಲ್ಲಿಸಬೇಕು. ದಿನಗಳು ಸಮವಾದರೆ ಮೊದಲು ಷೆಂಗನ್ ಗಡಿ ದಾಟುವ ದೇಶಕ್ಕೆ. ರೋಮ್‌ನಲ್ಲಿ ಮೂರು ರಾತ್ರಿ, ಮ್ಯೂನಿಕ್‌ನಲ್ಲಿ ಎರಡು, ಕೊಲೋನ್‌ನಲ್ಲಿ ಒಂದು, ಲೂರ್ದ್‌ನಲ್ಲಿ ಎರಡು ಎಂದಿಟ್ಟುಕೊಳ್ಳಿ. ಇಟಲಿ ಮತ್ತು ಜರ್ಮನಿ ಸಮವಾದವು. ಜರ್ಮನಿಯಲ್ಲಿ ಇನ್ನೊಂದು ರಾತ್ರಿ ಸೇರಿಸಿದರೆ ಅರ್ಜಿ ಜರ್ಮನಿಗೆ ಹೋಗಬೇಕು. ಆದ್ದರಿಂದ ತಂಗುವ ರಾತ್ರಿಗಳನ್ನು ಅರ್ಜಿ ತುಂಬುವ ಮೊದಲೇ ನಿಶ್ಚಯಿಸಿ, ಸಮವಾಗದಂತೆ ನೋಡಿಕೊಳ್ಳಿ.

ಪ್ರತಿ ರಾತ್ರಿಯ ವಸತಿಗೂ ದಾಖಲೆ ಬೇಕು. ಕನಿಷ್ಠ 30,000 ಯುರೋ ಮೊತ್ತದ ವೈದ್ಯಕೀಯ ವಿಮೆಯೂ ಬೇಕು. ಅರ್ಜಿಯನ್ನು ಪಯಣಕ್ಕೆ ಆರು ತಿಂಗಳ ಮೊದಲಿನಿಂದ ಸಲ್ಲಿಸಬಹುದು. ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಡಬೇಕಾಗುವುದರಿಂದ ಕೊನೆಯ ವಾರಗಳಿಗೆ ಉಳಿಸಿಕೊಳ್ಳಬೇಡಿ.

ಟಿಕೆಟ್ ಮತ್ತು ಆಸನ

ನಮ್ಮಲ್ಲಿ ಸ್ಲೀಪರ್ ಟಿಕೆಟ್ ಕೊಂಡರೆ ಬರ್ತ್ ನಂಬರ್ ಅದರಲ್ಲಿಯೇ ಬರುತ್ತದೆ. ಜರ್ಮನಿಯ ಎರಡನೇ ದರ್ಜೆಯಲ್ಲಿ ಟಿಕೆಟ್ ಬೇರೆ, ಆಸನದ ರಿಸರ್ವೇಶನ್ ಬೇರೆ. ರಿಸರ್ವೇಶನ್‌ಗೆ ಪ್ರತ್ಯೇಕ ಹಣ ಕೊಡಬೇಕು. ಹಿರಿಯರು ಅದನ್ನು ತಪ್ಪದೆ ಮಾಡಿಸಲಿ. ಕಡಿಮೆ ದರದ ಟಿಕೆಟ್ ಆಯಾ ರೈಲಿಗೆ ಮಾತ್ರ ಸಲ್ಲುತ್ತದೆ. ಆದರೆ ಕೊನೆಯ ನಿಲ್ದಾಣಕ್ಕೆ 20 ನಿಮಿಷ ಅಥವಾ ಹೆಚ್ಚು ತಡವಾಗುವುದು ಖಚಿತವಾದರೆ ಬೇರೆ ರೈಲು ಹತ್ತಲು ಅವಕಾಶವಿದೆ. ರಾತ್ರಿ ತಂಗುವವರು ಎರಡು ದಿನಕ್ಕೆ ಎರಡು ಟಿಕೆಟ್ ಕೊಳ್ಳುವುದೇ ಸರಳ.

ರೈಲಿನಲ್ಲಿಯೇ ರಾತ್ರಿ ಕಳೆಯಬಾರದೇ ಎಂದು ಕೆಲವರು ಕೇಳಬಹುದು. ಆಸ್ಟ್ರಿಯಾ ರೈಲ್ವೆಯ ‘ನೈಟ್‌ಜೆಟ್’ ರೈಲುಗಳಲ್ಲಿ ಮಲಗುವ ವ್ಯವಸ್ಥೆಯಿದೆ. ಅವು ಬೇಗ ಭರ್ತಿಯಾಗುತ್ತವೆ. ಮೇಲಿನ ಬರ್ತ್‌ಗೆ ಏಣಿ ಹತ್ತಬೇಕು. ಮಂಡಿನೋವಿನವರಿಗೆ ನೆಲದ ಮೇಲಿನ ಹಾಸಿಗೆಯೇ ಮೇಲು.

ವಸತಿ

ನಮ್ಮ ರೈಲು ನಿಲ್ದಾಣಗಳ ರಿಟೈರಿಂಗ್ ರೂಮಿನಂಥದ್ದು ಅಲ್ಲಿಲ್ಲ. ನಿಲ್ದಾಣದ ಬೆಂಚಿನ ಮೇಲೆ ರಾತ್ರಿ ಕಳೆಯುವ ಯೋಚನೆ ಬೇಡ. ಸಣ್ಣ ವಸತಿಗೃಹಗಳಲ್ಲಿ ರಾತ್ರಿ ಕೌಂಟರ್ ಮುಚ್ಚುವುದರಿಂದ ತಲುಪುವ ವೇಳೆಯನ್ನು ಮೊದಲೇ ತಿಳಿಸಿ. ವಿದೇಶಿಯರು ಪಾಸ್‌ಪೋರ್ಟ್ ತೋರಿಸಿ ನಮೂನೆ ತುಂಬಬೇಕು. ಸೆಪ್ಟೆಂಬರ್‌ನ ದ್ವಿತೀಯಾರ್ಧದಿಂದ ಅಕ್ಟೋಬರ್ ಮೊದಲ ವಾರದವರೆಗೆ ಮ್ಯೂನಿಕ್‌ನಲ್ಲಿ ಬಿಯರ್ ಉತ್ಸವ; ಆಗ ಕೋಣೆಯ ಬಾಡಿಗೆ ಹಲವು ಪಟ್ಟು ಏರುತ್ತದೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ದೊಡ್ಡ ನಿಲ್ದಾಣದೊಳಗಿನ ಅಂಗಡಿಗಳಲ್ಲಿ ಊಟ, ನೀರು ಸಿಗುತ್ತದೆ.

ಹಲವು ನಗರಗಳಲ್ಲಿ ‘ಕೋಲ್ಪಿಂಗ್’ ಹೆಸರಿನ ವಸತಿಗೃಹಗಳಿವೆ. ಚಪ್ಪಲಿ ಹೊಲಿಯುವ ಕೆಲಸ ಮಾಡಿ ಆನಂತರ ಗುರುವಾದ ಆಡಾಲ್ಫ್ ಕೋಲ್ಪಿಂಗ್‌ರವರು (1813-1865) ಕೆಲಸ ಹುಡುಕಿ ಊರೂರು ಅಲೆಯುತ್ತಿದ್ದ ಯುವ ಕುಶಲಕರ್ಮಿಗಳಿಗೆ ನೆಲೆ ಸಿಗಲೆಂದು ಕಟ್ಟಿದ ಸಂಘಟನೆಯಿಂದ ಇವು ಬೆಳೆದು ಬಂದವು. 1991ರಲ್ಲಿ ಧನ್ಯರೆಂದು ಘೋಷಿತರಾದ ಅವರ ಸಮಾಧಿ ಕೊಲೋನ್‌ನ ಮಿನೊರೈಟ್ ದೇವಾಲಯದಲ್ಲಿದೆ; ಮಹಾದೇವಾಲಯದಿಂದ ಕೆಲವೇ ನಿಮಿಷದ ನಡಿಗೆ.

ನಮ್ಮ ಕಡೆಯ ಗುರುಗಳು, ಧರ್ಮಭಗಿನಿಯರು ಜರ್ಮನಿಯಲ್ಲಿ ಸೇವೆಯಲ್ಲಿದ್ದಾರೆ. ಅವರಲ್ಲಿ ತಂಗಬಯಸುವವರು ತಿಂಗಳುಗಳ ಮೊದಲೇ ಬರೆದು ಕೇಳಿ, ಒಪ್ಪಿದರೆ ಪತ್ರ ತರಿಸಿಕೊಳ್ಳಿ. ಹೇಳದೆ ಕೇಳದೆ ಹೋಗಿ ನಿಲ್ಲುವುದು ಅವರಿಗೆ ಹೊರೆ.

ಕೈಹಿಡಿಯುವವರು

1897ರಲ್ಲಿ ಎಲೆನ್ ಅಮ್ಮಾನ್ ಎಂಬ ಕಥೋಲಿಕ ಮಹಿಳೆ ಮ್ಯೂನಿಕ್ ನಿಲ್ದಾಣದಲ್ಲಿ, ಹಳ್ಳಿಯಿಂದ ಕೆಲಸ ಹುಡುಕಿ ಬಂದು ಮೋಸಕ್ಕೆ ಸಿಲುಕುತ್ತಿದ್ದ ಹೆಣ್ಣುಮಕ್ಕಳಿಗಾಗಿ ನೆರವಿನ ಕೇಂದ್ರ ತೆರೆದರು. ‘ಬಾನ್‌ಹೋಫ್‌ಮಿಸಿಯೋನ್’ ಎಂಬ ಈ ಸೇವೆ ಇಂದು ಸುಮಾರು ನೂರು ನಿಲ್ದಾಣಗಳಲ್ಲಿದೆ. ಕಥೋಲಿಕ, ಪ್ರೊಟೆಸ್ಟೆಂಟ್ ಸಭೆಗಳೆರಡೂ ಸೇರಿ ನಡೆಸುತ್ತವೆ. ದಾರಿ ತಪ್ಪಿದವರು, ಹಿರಿಯರು, ರೈಲು ತಪ್ಪಿಸಿಕೊಂಡವರು ಯಾರೇ ಹೋಗಿ ಕೇಳಬಹುದು. ಹಣ ಕೊಡಬೇಕಾಗಿಲ್ಲ, ಧರ್ಮ ಕೇಳುವುದಿಲ್ಲ. ಗಾಲಿಕುರ್ಚಿ ಬೇಕಾದವರು ಒಂದು ದಿನ ಮೊದಲೇ ರೈಲ್ವೆಗೆ ತಿಳಿಸಿದರೆ ಹತ್ತಿಸಿ ಇಳಿಸುವ ವ್ಯವಸ್ಥೆ ಮಾಡುತ್ತಾರೆ.

ರೈಲು 60 ನಿಮಿಷ ತಡವಾದರೆ ಟಿಕೆಟ್ ಹಣದ ಶೇ. 25, ಎರಡು ಗಂಟೆ ತಡವಾದರೆ ಶೇ. 50 ಹಿಂದಕ್ಕೆ ಕೇಳಬಹುದು. ರೈಲ್ವೆಯ ಕಾರಣದಿಂದ ಆ ದಿನ ಮುಂದೆ ಹೋಗಲು ಆಗದಿದ್ದರೆ ನಿಲ್ದಾಣದ ಮಾಹಿತಿ ಕೌಂಟರ್‌ನಲ್ಲಿ ರಾತ್ರಿ ವಸತಿ ಕೇಳುವುದು ನಿಮ್ಮ ಹಕ್ಕು, ರಶೀದಿಗಳನ್ನು ಜೋಪಾನವಾಗಿಡಿ. ತುರ್ತಿಗೆ 112, ಪೊಲೀಸರಿಗೆ 110. ಪಾಸ್‌ಪೋರ್ಟ್ ಕಳೆದುಹೋದರೆ ಬರ್ಲಿನ್‌ನ ರಾಯಭಾರ ಕಚೇರಿಯಲ್ಲದೆ ಮ್ಯೂನಿಕ್, ಫ್ರಾಂಕ್‌ಫರ್ಟ್, ಹ್ಯಾಂಬರ್ಗ್‌ಗಳಲ್ಲಿಯೂ ಭಾರತದ ಕಾನ್ಸುಲೇಟ್‌ಗಳಿವೆ.

ಮನೆಯಿಂದಲೇ ಆರಂಭ

ಮೊದಲ ರಾತ್ರಿಯ ತಂಗುದಾಣ ಬೆಂಗಳೂರಿನಲ್ಲಿಯೇ ಇರಲಿ. ವಿಮಾನದ ದಿನವೇ ಕೊಡಗಿನಿಂದ ಹೊರಡಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಪಾಜೆ ಮಾರ್ಗ ಮುಚ್ಚಿದ್ದನ್ನು ನಾವು ಮರೆತಿಲ್ಲ. ಕಾಫಿ ಕೊಯ್ಲು ಮುಗಿದು ಮಳೆ ಹಿಡಿಯುವ ಮುನ್ನ, ಏಪ್ರಿಲ್ ಮೇ ತಿಂಗಳಲ್ಲಿ ಹೋಗಿಬರುವುದು ನಮ್ಮವರಿಗೆ ಅನುಕೂಲ. ಪ್ರತಿಯೊಬ್ಬರ ಜೇಬಿನಲ್ಲಿಯೂ ರಾತ್ರಿಯ ವಸತಿಯ ಹೆಸರು, ವಿಳಾಸ, ಫೋನ್ ನಂಬರ್ ಬರೆದ ಚೀಟಿ ಇರಲಿ. ಮೊಬೈಲ್ ಚಾರ್ಜ್ ಮುಗಿದಾಗ ಆ ಚೀಟಿಯೇ ದಾರಿ ತೋರಿಸುತ್ತದೆ. ಗುಂಪಾಗಿ ಹೋಗುವ ಧರ್ಮಕೇಂದ್ರಗಳು ಚೀಟಿಯ ಒಂದು ಪ್ರತಿಯನ್ನು ಗುರುನಿವಾಸದಲ್ಲಿಯೂ ಇಟ್ಟಿರಬೇಕು.

ಕೊಡಗಿನ ಕಥೋಲಿಕ ಸಮುದಾಯದ ಆರಂಭವೇ ದಾರಿಹೋಕರಿಗೆ ಸಿಕ್ಕ ಆಶ್ರಯದಿಂದ ಆಗಿದೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರ ಅರಸರು ನೆಲೆ ಕೊಟ್ಟರು. 1792ರಲ್ಲಿ ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯ ಆರಂಭವಾಯಿತು. ಆಶ್ರಯದ ಬೆಲೆ ಬಲ್ಲ ಜನ ನಾವು. ಹೊರಡುವ ಮುನ್ನ ನಮ್ಮ ಹಿರಿಯರ ಒಂದೊಂದು ರಾತ್ರಿಗೂ ಒಂದು ಬಾಗಿಲು ತೆರೆದಿದೆಯೇ ಎಂದು ನೋಡಿ ಕಳುಹಿಸುವುದು ಮಕ್ಕಳ ಹಾಗೂ ಧರ್ಮಕೇಂದ್ರದ ಹೊಣೆ. ಯಾತ್ರಿಕರ ಪಾಲಕರಾದ ಸಂತ ರಫಾಯೇಲರು ನಿಮ್ಮ ಜೊತೆಗಿರಲಿ. ಶುಭಯಾತ್ರೆ.